ಹಕ್ಕಲು: ಒಂದು ಇಂಗ್ಲಿಷ್ ಕ್ರಿಯಾಪದದ ವಿಚಾರ

ಇಂಗ್ಲಿಷ್ ಕಾವ್ಯವನ್ನು ಕನ್ನಡದ ಮನೆಗಳಲ್ಲಿ ಓದುವವರಿಗೆ ತೊಡಕಾಗುವ ಮಾತುಗಳು ಎರಡು ಬಗೆ. ಕೆಲವು ಅರ್ಥವಾಗದೆ ತೊಡಕಾಗುತ್ತವೆ. ನಿಘಂಟನ್ನು ತೆರೆದರೆ ಆ ತೊಡಕು ಬಿಡುತ್ತದೆ. ಇನ್ನು ಕೆಲವು, ಅರ್ಥವಾಯಿತೆಂಬ ಭ್ರಮೆಯನ್ನು ಹುಟ್ಟಿಸಿ, ಓದುವವನನ್ನು ಮೆಲ್ಲನೆ ಮುಂದಕ್ಕೆ ಸಾಗಹಾಕಿಬಿಡುತ್ತವೆ. ಅವುಗಳಿಂದಾಗುವ ನಷ್ಟ ಅವನಿಗೆ ತಿಳಿಯುವುದೇ ಇಲ್ಲ. ‘ಗ್ಲೀನ್’ ಎಂಬ ಕ್ರಿಯಾಪದವು ಈ ಎರಡನೆಯ ಬಗೆಗೆ ಸೇರಿದುದು. ದಿನಬಳಕೆಯ ಇಂಗ್ಲಿಷಿನಲ್ಲಿ ಅದು ವಿರಳ. ಬಂದರೂ ವೃತ್ತಪತ್ರಿಕೆಯ ವರದಿಗಳಲ್ಲಿ, ಅಲ್ಲಿಂದ ಇಲ್ಲಿಂದ ಸಮಾಚಾರವನ್ನು ಕೂಡಿಸಿದರೆಂಬ ಅರ್ಥದಲ್ಲಿ ಬರುತ್ತದೆ. ಆದುದರಿಂದ ಅದಕ್ಕೆ ‘ಸಂಗ್ರಹಿಸು’ ಎಂದು ಅರ್ಥ ಬರೆದುಕೊಂಡು ವಿದ್ಯಾರ್ಥಿಯು ತೃಪ್ತನಾಗುವನು. ಭಾಷಾಂತರಕಾರನೂ ಎಷ್ಟೋ ವೇಳೆ ಅಷ್ಟಕ್ಕೇ ತೃಪ್ತನಾಗುವನು. ಆದರೆ ಈ ಮಾತಿನೊಳಗೆ ಒಂದು ಹೊಲವಿದೆ, ಕೊಯ್ಲು ಮುಗಿಸಿ ಹೋದ ಒಬ್ಬ ಒಡೆಯನಿದ್ದಾನೆ, ಅವನ ಬೆನ್ನ ಹಿಂದೆ ಸೊಂಟ ಬಗ್ಗಿಸಿ ನಿಂತ ಒಬ್ಬ ಬಡವಿ ಇದ್ದಾಳೆ. ‘ಸಂಗ್ರಹಿಸು’ ಎಂದೊಡನೆ ಈ ಮೂರೂ ಮಾಯವಾಗುತ್ತವೆ.

ವಿಚಿತ್ರವೆಂದರೆ, ಈ ಮಾತಿಗೆ ಸರಿಯಾದ ಕನ್ನಡವನ್ನು ಹುಡುಕಲು ಪಂಡಿತರ ಬಳಿಗೆ ಹೋಗಬೇಕಾದುದೇ ಇಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿ ಮಂಡ್ಯದ ಕಡೆಗೆ ಹೋಗುವವರು ಗೆಜ್ಜಲಗೆರೆಯನ್ನು ಹಾಲಿನ ಒಕ್ಕೂಟದ ಊರೆಂದು ಗುರುತಿಸುವರು. ಆ ಊರ ಸುತ್ತಿನ ಸೀಮೆಯು ಬತ್ತ, ರಾಗಿ, ಕಬ್ಬುಗಳ ಸೀಮೆ. 1930ರ ದಶಕದಿಂದ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದ ಮೇಲಂತೂ ಬತ್ತದ ಸುಗ್ಗಿಯೇ ಇಲ್ಲಿಯ ವರ್ಷದ ದೊಡ್ಡ ಸಂಗತಿ. ಬತ್ತವನ್ನು ಕುಡುಗೋಲಿನಿಂದ ಕೊಯ್ದು, ಕಂತೆ ಕಟ್ಟಿ, ಕಣಕ್ಕೆ ಹೊತ್ತ ಮೇಲೆ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಉಳಿಯುವುದು ಸಹಜ. ಕೊಯ್ಯುವವಳ ಹಿಡಿಯಿಂದ ಜಾರಿದ್ದು, ಬದುವಿನ ಹುಲ್ಲಿನಲ್ಲಿ ಮರೆಯಾದದ್ದು, ಹೊರುವಾಗ ಕಂತೆಯಿಂದ ಉದುರಿದ್ದು. ಅದನ್ನು ಆಯ್ದುಕೊಳ್ಳುವುದಕ್ಕೆ ಹೆಂಗಸರೂ ಮಕ್ಕಳೂ ಹೋದರೆ ಅದು ‘ಹಕ್ಕಲು ಆಯುವುದು’. ಬಯಲುಸೀಮೆಯಲ್ಲಿ ಕಡಲೆಕಾಯಿ ಕಿತ್ತ ಹೊಲದಲ್ಲಿಯೂ ಹೀಗೆಯೇ ಮಣ್ಣು ಕೆದಕಿ ಹಕ್ಕಲು ಆಯುವರು. ಮಲೆನಾಡಿನಲ್ಲಿ ಹಕ್ಕಲೆಂದರೆ ಸಾಗುವಳಿಗೆ ಬಾರದ ಕುರುಚಲು ನೆಲವೆಂದೂ ಒಂದರ್ಥ ಉಂಟು. ಬಿಟ್ಟದ್ದು, ಲೆಕ್ಕಕ್ಕೆ ಸೇರದೆ ಉಳಿದದ್ದು ಎಂಬ ಭಾವವು ಎರಡಕ್ಕೂ ಒಪ್ಪುತ್ತದೆ.

ಹಕ್ಕಲಿಗೆ ಒಂದು ನೀತಿಯೂ ಉಂಟು. ಅದನ್ನು ಯಾರೂ ಬರೆದಿಟ್ಟಿಲ್ಲ. ಕಂತೆ ಇನ್ನೂ ಗದ್ದೆಯಲ್ಲಿರುವಾಗ ಹಕ್ಕಲಿಗೆ ಇಳಿದರೆ ಅದು ಕಳವು. ಕಂತೆಯೆಲ್ಲ ಕಣಕ್ಕೆ ಹೋದ ಮೇಲೆ ಇಳಿದರೆ ಒಡೆಯನು ಕಂಡೂ ಕಾಣದಂತಿರುವನು. ಈ ‘ಮೇಲೆ’ ಎಂಬ ಕಾಲಸೂಚನೆಯೇ ಕ್ರಿಯೆಯ ಜೀವ. ಹಕ್ಕಲಾಯುವವಳು ಯಾವಾಗಲೂ ಎರಡನೆಯವಳು. ಮೊದಲು ಬಂದವನೊಬ್ಬನು ತನಗೆ ಬೇಕಾದುದನ್ನೆಲ್ಲ ಕೊಂಡೊಯ್ದಿರಬೇಕು. ಇಂಗ್ಲಿಷಿನ ಮಾತಿಗೂ ಅರ್ಥ ಇದೇ. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್, ಅದರ ಹಿಂದೆ ಗಾಲ್ ನಾಡಿನ ಕೆಲ್ಟಿಕ್ ಮೂಲವಿದ್ದಿರಬೇಕೆಂದು ಶಬ್ದಶಾಸ್ತ್ರಜ್ಞರು ಊಹಿಸುವರು. ಆಳುವವರ ನುಡಿ ಎರಡು ಸಲ ಬದಲಾದರೂ ಬಡವರ ಹೊಲದ ಮಾತೊಂದು ಹಾಗೆಯೇ ಹಾದುಬಂದಿತೆಂದು ಈ ಊಹೆಯಿಂದ ಎಣಿಸಬಹುದು.

ಯುರೋಪಿನ ಸಾಹಿತ್ಯದಲ್ಲಿ ಈ ಕ್ರಿಯೆಗೆ ಘನತೆ ಬಂದುದು ಬೈಬಲಿನ ರೂತಳ ಕಥೆಯಿಂದ. ಯೆಹೂದ್ಯರ ಧರ್ಮಶಾಸ್ತ್ರವು, ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯಬಾರದು, ಉದುರಿದ ತೆನೆಯನ್ನು ಹಿಂದಿರುಗಿ ಎತ್ತಬಾರದು, ಅವು ಬಡವನಿಗೂ ಪರದೇಶಿಗೂ ಸೇರಿದುವು ಎಂದು ವಿಧಿಸಿತ್ತು. ಕನ್ನಡ ಬೈಬಲಿನಲ್ಲಿಯೂ ‘ಹಕ್ಕಲು’ ಎಂಬ ಮಾತೇ ಬಂದಿರುವುದು ಗಮನಿಸತಕ್ಕದ್ದು; ಆ ಭಾಷಾಂತರಕಾರರಿಗೆ ಕಿವಿ ಇತ್ತು. ಮೋವಾಬ್ ದೇಶದ ವಿಧವೆ ರೂತಳು ಅತ್ತೆ ನೊವೊಮಿಯನ್ನು ಬಿಡಲಾರದೆ ಬೇತ್ಲೆಹೇಮಿಗೆ ಬಂದು, ಜವೆಗೋಧಿಯ ಸುಗ್ಗಿಯಲ್ಲಿ ಬೋವಜನೆಂಬವನ ಹೊಲದಲ್ಲಿ ಹಕ್ಕಲಾಯುವಳು. ಬೋವಜನು ತನ್ನ ಆಳುಗಳನ್ನು ಕರೆದು, ಸಿವುಡುಗಳಿಂದ ಬೇಕೆಂದೇ ಕೆಲವು ತೆನೆಗಳನ್ನು ಸೆಳೆದು ಅವಳ ದಾರಿಯಲ್ಲಿ ಬೀಳಿಸಿರೆಂದು ಹೇಳುವನು. ಕೊಡುವವನು ಕೊಟ್ಟಂತೆ ತೋರಬಾರದು, ಪಡೆಯುವವಳು ಬೇಡಿದಂತೆ ಆಗಬಾರದು. ಕಥೆಯ ಸೊಗಸೆಲ್ಲ ಆ ಬೇಕೆಂದೇ ಬೀಳಿಸಿದ ತೆನೆಗಳಲ್ಲಿದೆ. ಅವುಗಳನ್ನು ಮುಂದೆ ಇನ್ನೊಂದು ಮನೆಯಂಗಳದ ಅಕ್ಕಿಯೊಡನೆ ಹೋಲಿಸಬೇಕಾಗುವುದು.

ಇಂಗ್ಲೆಂಡಿನಲ್ಲಿ ಈ ವಿಧಿಯು ಬಹುಕಾಲ ವಾಡಿಕೆಯಾಗಿ ನಡೆದುಬಂದಿತು. ಕೆಲವು ಹಳ್ಳಿಗಳಲ್ಲಿ ಹಕ್ಕಲಿಗೆ ಇಳಿಯುವ ಹೊತ್ತನ್ನೂ ಬಿಡುವ ಹೊತ್ತನ್ನೂ ಚರ್ಚಿನ ಗಂಟೆ ಬಾರಿಸಿ ತಿಳಿಸುತ್ತಿದ್ದರು. 1788ರಲ್ಲಿ ಮಾತ್ರ ಸಫಕ್ ಪ್ರಾಂತದ ಟಿಮ್‌ವರ್ತ್ ಎಂಬ ಹಳ್ಳಿಯ ವ್ಯಾಜ್ಯವೊಂದು ದೊಡ್ಡ ನ್ಯಾಯಸ್ಥಾನಕ್ಕೆ ಹೋಯಿತು. ಸ್ಟೀಲ್ ಎಂಬ ಜಮೀನಿನವನು ವಾದಿ. ಅವನ ಹೊಲದಲ್ಲಿ ಹಕ್ಕಲಾಯ್ದ ಮೇರಿ ಹೌಟನ್ ಎಂಬಾಕೆಯ ಕಡೆಯವರು ಪ್ರತಿವಾದಿಗಳು. ಹಕ್ಕಲು ಬಡವರ ಹಕ್ಕಲ್ಲ, ಒಡೆಯನ ದಾಕ್ಷಿಣ್ಯ ಮಾತ್ರ, ಮೋಶೆಯ ವಿಧಿಯು ಇಂಗ್ಲೆಂಡಿನ ಕಾನೂನಾಗಲಾರದು ಎಂದು ಬಹುಮತದ ತೀರ್ಪಾಯಿತು. ಗೂಲ್ಡ್ ಎಂಬ ನ್ಯಾಯಾಧೀಶನೊಬ್ಬನು ಅದಕ್ಕೆ ಒಪ್ಪಲಿಲ್ಲ. ತೀರ್ಪು ಬಂದ ಮೇಲೂ ಹಳ್ಳಿಗರು ಹಕ್ಕಲಿಗೆ ಹೋಗುತ್ತಲೇ ಇದ್ದರೆಂಬುದು ನಿಜ. ಆದರೂ ಇಂಗ್ಲಿಷ್ ಕವಿಯೊಬ್ಬನು 1788ರ ಈಚೆಗೆ ಈ ಕ್ರಿಯಾಪದವನ್ನು ಬಳಸಿದಾಗ, ಅದು ಬರಿಯ ಹಳ್ಳಿಯ ಸೊಬಗಿನ ಮಾತಾಗಿ ಉಳಿದಿರಲಿಲ್ಲ. ಅದರ ಮೇಲೆ ಕಳವಿನ ನೆರಳೊಂದು ಬಿದ್ದಿತ್ತು.

ಕವಿಗಳ ಬಳಕೆಗೆ ಬರೋಣವಾಗಲಿ. ಇಂಗ್ಲಿಷ್ ಕಾವ್ಯದ ಹಿರಿಯನಾದ ಚಾಸರನು, 1380ರ ದಶಕದ ‘ದಿ ಲೆಜೆಂಡ್ ಆಫ್ ಗುಡ್ ವಿಮೆನ್’ ಎಂಬ ಕೃತಿಯ ಪೀಠಿಕೆಯಲ್ಲಿ, ಪೂರ್ವಕವಿಗಳು ಕಾವ್ಯದ ಪೈರನ್ನು ಕೊಯ್ದು ಹೊತ್ತುಕೊಂಡು ಹೋದರು, ತಾನು ಹಿಂದಿನಿಂದ ಬಂದು ಅಲ್ಲಲ್ಲಿ ಉಳಿದ ತೆನೆಯನ್ನು ಆಯುವವನು, ಅವರು ಬಿಟ್ಟ ಒಳ್ಳೆಯ ಮಾತೊಂದು ಸಿಕ್ಕರೆ ತನಗೆ ಸಂತೋಷ ಎಂದು ಹೇಳಿಕೊಳ್ಳುವನು. ಪೂರ್ವಕವಿಗಳಿಗೆ ತಲೆಬಾಗುವ ಸಂಪ್ರದಾಯವು ಭಾರತದ ಓದುಗರಿಗೆ ಹೊಸದಲ್ಲ. ಆದರೆ ಹೋಲಿಕೆಗಳ ಭೇದವು ವಿಚಾರಾರ್ಹವಾಗಿದೆ. ಕಾಳಿದಾಸನು ರಘುವಂಶದ ಮೊದಲಿನಲ್ಲಿ, ಹಿಂದಿನವರು ವಜ್ರದಿಂದ ರಂಧ್ರ ಮಾಡಿದ ಮಣಿಯಲ್ಲಿ ದಾರ ನುಸುಳುವಂತೆ ತಾನು ನುಸುಳುವೆನೆನ್ನುವನು. ಅಲ್ಲಿ ವಿನಯವಿದ್ದರೂ ಕೊರತೆಯಿಲ್ಲ. ಮಣಿಯು ಪೂರ್ತಿಯಾಗಿ ಉಳಿದಿದೆ, ದಾರಕ್ಕೆ ದಾರಿ ಸಿದ್ಧವಾಗಿದೆ. ಗದುಗಿನ ಕುಮಾರವ್ಯಾಸನಂತೂ, ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ನಲುಗಿದನೆಂದು ಹೇಳಿ, ಆ ಹೊಲವನ್ನೇ ಬಿಟ್ಟು ಭಾರತದ ಹೊಲಕ್ಕೆ ದಾಟಿಬಿಡುವನು. ಚಾಸರನು ಬೇರೆ ಹೊಲಕ್ಕೆ ಹೋಗುವುದಿಲ್ಲ, ಮಣಿಯೂ ಅವನಿಗೆ ಸಿಕ್ಕಿಲ್ಲ. ಕೊಯ್ದುಹೋದ ಹೊಲದ ಕೂಳೆಯ ನಡುವೆಯೇ ನಿಂತು ನೆಲ ನೋಡುವನು. ಮೂವರಲ್ಲಿ ಅತ್ಯಂತ ದೀನವಾದ ಹೋಲಿಕೆ ಅವನದು. ಬಹುಶಃ ಅತ್ಯಂತ ಪ್ರಾಮಾಣಿಕವಾದುದೂ ಅದೇ.

ಷೇಕ್ಸ್‌ಪಿಯರನು ಈ ಮಾತನ್ನು ಎರಡು ತುದಿಗಳಲ್ಲಿ ನಿಲ್ಲಿಸಿರುವನು. ‘ಆಸ್ ಯು ಲೈಕ್ ಇಟ್’ ನಾಟಕದಲ್ಲಿ ಸಿಲ್ವಿಯಸ್ ಎಂಬ ಕುರುಬನು ತನ್ನನ್ನು ಲಕ್ಷಿಸದ ಫೀಬಿಯನ್ನು ಕುರಿತು, ಮುಖ್ಯ ಬೆಳೆಯನ್ನು ಬೇರೊಬ್ಬನು ಕೊಯ್ದುಕೊಳ್ಳಲಿ, ಅವನ ಹಿಂದೆ ಮುರಿದ ತೆನೆಗಳನ್ನು ಆಯ್ದುಕೊಂಡರೂ ತನಗೆ ತುಂಬು ಸುಗ್ಗಿ, ಆಗಾಗ ಚೆಲ್ಲಿದ ಒಂದು ನಗೆ ಸಾಕು ಎಂದು ಹೇಳುವನು. ಪ್ರಣಯದ ದೈನ್ಯವನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳುವುದು ಕಷ್ಟ. ಹಾಗೆ ಹೇಳುವವನು ಹಳ್ಳಿಗನಾದುದರಿಂದ ಮಾತು ಬಾಯಿಗೆ ಒಪ್ಪಿದೆ. ‘ಹ್ಯಾಮ್ಲೆಟ್’ ನಾಟಕದಲ್ಲಿ ಅದೇ ಕ್ರಿಯಾಪದವು ಬೇಹಿನ ಮಾತಾಗಿದೆ. ದೊರೆ ಕ್ಲಾಡಿಯಸನು ರಾಜಕುಮಾರನ ಬಾಲ್ಯಸ್ನೇಹಿತರಿಬ್ಬರನ್ನು ಕರೆಯಿಸಿ, ಅವನ ಮನಸ್ಸಿನ ಗುಟ್ಟನ್ನು ಸಮಯ ನೋಡಿ ಆಯ್ದುತರಲು ಕಳುಹಿಸುವನು. ಮುಂದೆ ಹ್ಯಾಮ್ಲೆಟನು ಅವರಿಗೆ, ನೀವು ಹೀರುಬುರುಗುಗಳು, ಆಯ್ದದ್ದನ್ನು ದೊರೆ ಬೇಕಾದಾಗ ಹಿಂಡಿಕೊಳ್ಳುವನು ಎಂದು ಹಂಗಿಸುವನು. ಇಲ್ಲಿ ಬೀಳಿಸಿದವನಿಗೆ ಬಿದ್ದದ್ದು ತಿಳಿಯದು. ಆಯುವವನು ಬಡವನಲ್ಲ, ಹಸಿವೂ ಅವನದಲ್ಲ, ಕಳುಹಿಸಿದವನದು. ಇಂದಿನ ವೃತ್ತಪತ್ರಿಕೆಯ ಇಂಗ್ಲಿಷಿನಲ್ಲಿ ಉಳಿದಿರುವುದು ಸಿಲ್ವಿಯಸನ ಮಾತಲ್ಲ, ಕ್ಲಾಡಿಯಸನ ಮಾತು.

ಆದರೆ ಈ ಕ್ರಿಯಾಪದದ ಪರೀಕ್ಷೆ ನಿಜವಾಗಿ ನಡೆಯುವುದು ಜಾನ್ ಕೀಟ್ಸನಲ್ಲಿ. ಅವನ ಮೂರು ಕವಿತೆಗಳಲ್ಲಿ ಹಕ್ಕಲು ಬರುತ್ತದೆ. ಒಂದರಲ್ಲಿ ಮಾತಿಲ್ಲದೆ, ಒಂದರಲ್ಲಿ ನಾಮಪದವಾಗಿ, ಒಂದರಲ್ಲಿ ಕ್ರಿಯೆಯಾಗಿ. 1819ರ ವಸಂತದಲ್ಲಿ ಬರೆದ ನೈಟಿಂಗೇಲ್ ಗೀತೆಯಲ್ಲಿ ರೂತಳು ತವರನ್ನು ನೆನೆದು ಪರರ ಪೈರಿನ ನಡುವೆ ಕಣ್ಣೀರಿಡುತ್ತ ನಿಂತಿರುವಳು. ಬೈಬಲಿನ ರೂತಳು ಹೊಲದಲ್ಲಿ ಅಳುವುದಿಲ್ಲವೆಂಬುದನ್ನು ಮರೆಯಬಾರದು. ಅತ್ತೆಯ ಜನವೇ ತನ್ನ ಜನವೆಂದು ಪ್ರಮಾಣ ಮಾಡಿ ಬಂದವಳು ಅವಳು. ಕಣ್ಣೀರು ಕೀಟ್ಸನದು. ಆದರೂ ಪೈರಿಗೆ ಅವನಿತ್ತ ‘ಪರಕೀಯ’ ಎಂಬ ವಿಶೇಷಣವು ಹಳೆಯ ವಿಧಿಗೆ ಹೊಂದಿಯೇ ಇದೆ. ಹಕ್ಕಲು ಪರದೇಶಿಯ ಪಾಲಲ್ಲವೆ? ಆ ವರ್ಷವೇ ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ಬರೆದ ಶರತ್ಕಾಲದ ಗೀತೆಯಲ್ಲಿ, ಶರದೃತುವು ಒಮ್ಮೆ ಕಣಜದ ನೆಲದ ಮೇಲೆ ಕುಳಿತಿರುವಳು, ಒಮ್ಮೆ ಅರ್ಧ ಕೊಯ್ದ ಸಾಲಿನಲ್ಲಿ ನಿದ್ರಿಸುವಳು, ಒಮ್ಮೆ ಹಕ್ಕಲಿನವಳಂತೆ ತಲೆಯ ಹೊರೆಯನ್ನು ಅಲುಗಿಸದೆ ಹಳ್ಳವನ್ನು ದಾಟುವಳು. ತಲೆಹೊರೆಯವಳ ಆ ನಿಲುವು ಮಂಡ್ಯದ ಓದುಗರಿಗೆ ಟಿಪ್ಪಣಿಯಿಲ್ಲದೆ ತಿಳಿಯತಕ್ಕದ್ದು. ಶಿಂಷೆಯ ಹಳ್ಳಗಳನ್ನು ಹಾಗೆ ದಾಟುವವರನ್ನು ಕಾಣದವರಾರು? ಆದರೆ ಕವಿಯ ಧೈರ್ಯವನ್ನು ನೋಡಬೇಕು. ಸುಗ್ಗಿಯೆಲ್ಲ ಯಾರ ಸೊತ್ತೋ ಆ ದೇವತೆಯೇ ಸುಗ್ಗಿಯ ಕಡೆಯ ತೆನೆಯನ್ನು ಆಯ್ದುಕೊಂಡು ಹೋಗುವ ಬಡವಿಯಾಗಿರುವಳು. ಟಿಮ್‌ವರ್ತಿನ ತೀರ್ಪಾಗಿ 31 ವರ್ಷಗಳಾಗಿದ್ದುವು.

ಕ್ರಿಯೆಯಾಗಿ ಬರುವುದು ಇವೆರಡಕ್ಕೂ ಹಿಂದಿನ, 1818ರ ಜನವರಿಯ ಸಾನೆಟ್ಟಿನಲ್ಲಿ. ಆಗ ಕೀಟ್ಸನಿಗೆ 22 ವಯಸ್ಸು. ತಮ್ಮನಾದ ಟಾಮನು ಕ್ಷಯದಿಂದ ನರಳುತ್ತಿದ್ದು ಆ ವರ್ಷವೇ ಡಿಸೆಂಬರಿನಲ್ಲಿ ತೀರಿಕೊಂಡನು. ಕವಿಯೂ 1821ರ ಫೆಬ್ರವರಿಯಲ್ಲಿ ರೋಮಿನಲ್ಲಿ ಅದೇ ರೋಗದಿಂದ ಸತ್ತನು. ಸಾನೆಟ್ಟು ಅಚ್ಚಾದುದು 1848ರಲ್ಲಿ. ತುಂಬಿ ತುಳುಕುವ ಮಿದುಳನ್ನು ಲೇಖನಿಯು ಹಕ್ಕಲಾಯ್ದು ಮುಗಿಸುವ ಮೊದಲೇ, ಪುಸ್ತಕಗಳ ಎತ್ತರವಾದ ರಾಶಿಯು ಕಣಜಗಳಂತೆ ಮಾಗಿದ ಕಾಳನ್ನು ತುಂಬಿಕೊಳ್ಳುವ ಮೊದಲೇ, ತಾನಿಲ್ಲವಾಗಬಹುದೆಂಬ ಭಯವು ಅದರ ವಸ್ತು. ಇಲ್ಲಿ ‘ಕೊಯ್ದು’ ಎನ್ನದೆ ‘ಹಕ್ಕಲಾಯ್ದು’ ಎಂದುದೇಕೆ? ಛಂದಸ್ಸಿಗಾಗಿ ಎನ್ನುವಂತಿಲ್ಲ; ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳೂ ಒಂದೊಂದೇ ಅಕ್ಷರದ ಮಾತುಗಳು, ಒಂದರ ಜಾಗದಲ್ಲಿ ಇನ್ನೊಂದು ಹಿಡಿಸುತ್ತಿತ್ತು. ಪ್ರಾಸಕ್ಕಾಗಿಯೂ ಅಲ್ಲ, ಮಾತು ಪಂಕ್ತಿಯ ನಡುವಿನಲ್ಲಿದೆ. ಆದುದರಿಂದ ಅದು ಆಯ್ಕೆ.

ತರುಣ ಕವಿಯ ಅಜಾಗರೂಕತೆಯೆಂದು ಇದನ್ನು ತಳ್ಳಿಹಾಕುವುದು ಸುಲಭ. ತುಳುಕುವ ಹೊಲದಲ್ಲಿ ಹಕ್ಕಲೇಕೆ, ಹಕ್ಕಲಿಗೆ ಕಣಜವೇಕೆ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಹೊಲವು ಬೇರೆಯವರದಲ್ಲ, ಅವನದೇ ಎಂಬುದನ್ನು ನೆನೆದರೆ ಬೇರೊಂದು ಅರ್ಥ ಹೊಳೆಯುತ್ತದೆ. ಮನಸ್ಸಿನಲ್ಲಿ ಬೆಳೆದುದರಲ್ಲಿ ಬಹುಭಾಗವನ್ನು ಮನಸ್ಸೇ ಉಂಡುಬಿಡುತ್ತದೆ. ಕಲ್ಪಿಸಿದ ಕ್ಷಣದ ಸುಖವೇ ಮೊದಲ ಕೊಯ್ಲು. ಲೇಖನಿ ಬರುವ ಹೊತ್ತಿಗೆ ಕಂತೆ ಹೊತ್ತಾಗಿರುತ್ತದೆ, ಕಾಗದಕ್ಕೆ ದೊರೆಯುವುದು ಉದುರಿದ ತೆನೆ. ಹೀಗೆ ನೋಡಿದರೆ ಆ ಸಾನೆಟ್ಟಿನ ಭಯವು ಇಮ್ಮಡಿಯಾಗುತ್ತದೆ. ಬೆಳೆ ಹೋಯಿತೆಂಬುದು ಅವನ ದುಃಖವಲ್ಲ, ಹಕ್ಕಲಾದರೂ ದಕ್ಕೀತೆ ಎಂಬುದು. ‘ಕೊಯ್ಯು’ ಎಂದಿದ್ದರೆ ಅದು ಆಯುಸ್ಸು ಸಾಲದವನ ಅಳಲಾಗುತ್ತಿತ್ತು, ಅಷ್ಟೆ. ಆದರೂ ಕಣಜದ ಹೋಲಿಕೆಯು ಈ ಅರ್ಥಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲವೆಂದು ಒಪ್ಪಬೇಕು. ಶ್ರೇಷ್ಠ ಕವಿತೆಗಳೆಲ್ಲ ನಿರ್ದೋಷವಾಗಿರುವುದಿಲ್ಲ.

ಕನ್ನಡಿಗನು ಇದನ್ನು ತನ್ನ ಭಾಷೆಗೆ ತರಲು ಹೊರಟರೆ ಅವನಿಗೆ ಎದುರಾಗುವ ಮೊದಲ ಆಕರ್ಷಣೆ ಸಂಸ್ಕೃತದ್ದು. ಸಂಸ್ಕೃತವು ಈ ಕೆಲಸವನ್ನು ಎರಡಾಗಿ ಒಡೆದು ನೋಡಿದೆ. ಬಿದ್ದ ತೆನೆಯನ್ನು ಆಯುವುದು ಶಿಲ. ಉದುರಿದ ಕಾಳನ್ನು ಒಂದೊಂದಾಗಿ ಆಯುವುದು ಉಂಛ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಜೀವನೋಪಾಯಗಳನ್ನು ಹೇಳುವಾಗ, ಈ ಉಂಛಶಿಲಕ್ಕೆ ‘ಋತ’ವೆಂಬ ದೊಡ್ಡ ಹೆಸರು, ಬೇಡಿ ತಂದದ್ದು ‘ಮೃತ’, ಕೃಷಿಯು ‘ಪ್ರಮೃತ’, ಸೇವೆಯು ನಾಯಿಯ ಬದುಕು. ಉತ್ತವನಿಗಿಂತ ಆಯ್ದವನು ಮೇಲು! ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ, ಧರ್ಮರಾಯನ ಯಾಗ ಮುಗಿಯುವಾಗ ಅರ್ಧ ಮೈ ಹೊನ್ನಾದ ಮುಂಗುಸಿಯೊಂದು ಬಂದು, ಕುರುಕ್ಷೇತ್ರದಲ್ಲಿ ಉಂಛವೃತ್ತಿಯಿಂದ ಬದುಕುತ್ತಿದ್ದ ಬ್ರಾಹ್ಮಣನ ಮನೆಯ ನಾಲ್ವರು ಬರಗಾಲದಲ್ಲಿ ಅತಿಥಿಗೆ ಕೊಟ್ಟ ಒಂದು ಅಳತೆಯ ಹಿಟ್ಟಿಗೆ ಈ ಯಾಗ ಸಮನಲ್ಲವೆಂದು ಸಾರುತ್ತದೆ. (ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದುದರಿಂದ ಈ ಕಥೆ ಅವನ ಭಾರತಕ್ಕೆ ಹೊರಗಾಯಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಹಾಡಿದನು. ಕೊಯ್ಯದೆ ಬಿಟ್ಟ ಹೊಲವನ್ನು ಕೊಯ್ದ ಅವನನ್ನು ಹಕ್ಕಲಿನವನೆನ್ನಲಾಗದು.)

ಇಷ್ಟು ಘನತೆಯ ಮಾತು ಕೈಗೆ ಸಿಕ್ಕಿದಾಗ ಭಾಷಾಂತರಕಾರನು ಅದನ್ನೇ ಹಿಡಿದರೆ ಆಶ್ಚರ್ಯವಿಲ್ಲ. ಆದರೂ ಅದು ಒಪ್ಪುವುದಿಲ್ಲ. ಉಂಛವು ಆರಿಸಿಕೊಂಡ ವ್ರತ. ಹಕ್ಕಲು ಬೇರೆ ಗತಿಯಿಲ್ಲದ ಹೊಟ್ಟೆಪಾಡು. ವ್ರತಕ್ಕೆ ಸ್ಮೃತಿಯ ಗೌರವ ದೊರೆಯಿತು, ಹೊಟ್ಟೆಪಾಡಿಗೆ ದೊರೆಯಲಿಲ್ಲ. ಮಾಡುವ ಕೆಲಸವೇನೋ ಒಂದೇ. ಅದೂ ಅಲ್ಲದೆ ಉಂಛವೆಂಬ ಮಾತು ಹೊಲವನ್ನು ಬಿಟ್ಟು ಬಹಳ ದೂರ ಬಂದಿದೆ. ತಂಜಾವೂರು ಸೀಮೆಯ ತ್ಯಾಗರಾಜರು ಉಂಛವೃತ್ತಿಯಲ್ಲಿದ್ದರೆಂದಾಗ ಯಾರೂ ಕೂಳೆಯ ಗದ್ದೆಯನ್ನು ನೆನೆಯುವುದಿಲ್ಲ. ತಂಬೂರಿ ಹಿಡಿದು ಹಾಡುತ್ತ ಬೀದಿಯಲ್ಲಿ ಬರುವ ಭಕ್ತನನ್ನೂ, ಬಾಗಿಲಿಗೆ ಬಂದು ಹಿಡಿ ಅಕ್ಕಿ ಹಾಕುವ ಗೃಹಿಣಿಯನ್ನೂ ನೆನೆಯುವರು. ಅದು ಸೊಗಸಾದ ಚಿತ್ರವೇ. ಕೀಟ್ಸನ ಚಿತ್ರ ಅದಲ್ಲ.

ಹಾಗಾದರೆ ಅಚ್ಚಗನ್ನಡದ ‘ಆಯ್’ ಧಾತುವೊಂದೇ ಸಾಲದೆ? ಇಲ್ಲಿ ಒಂದು ಸೂಕ್ಷ್ಮವಿದೆ. ‘ಆಯ್’ ಎಂದರೆ ಕೆಳಗೆ ಬಿದ್ದುದನ್ನು ಎತ್ತುವುದೂ ಹೌದು, ಇದ್ದುದರಲ್ಲಿ ಮೇಲಾದುದನ್ನು ಆರಿಸುವುದೂ ಹೌದು. ‘ಆಯ್ದ ಕವಿತೆಗಳು’ ಎಂದು ಪುಸ್ತಕದ ಮೇಲೆ ಬರೆದಾಗ ಯಾರಿಗೂ ಉಳಿಕೆಯ ನೆನಪಾಗುವುದಿಲ್ಲ. ಆರಿಸುವವನು ಯಜಮಾನ, ಎತ್ತುವವನು ಬಡವ. ಒಂದೇ ಧಾತು ಇಬ್ಬರಿಗೂ ಸೇವೆ ಮಾಡುತ್ತದೆ. ಲೇಖನಿಯು ಮಿದುಳನ್ನು ‘ಆಯ್ದಿತು’ ಎಂದರೆ ಸಂಪಾದಕನೊಬ್ಬನು ಕುಳಿತು ಒಳ್ಳೆಯದನ್ನು ಹೆಕ್ಕಿದಂತಾಗುತ್ತದೆ. ‘ಹಕ್ಕಲು’ ಎಂಬ ಮಾತು ಮುಂದೆ ಸೇರಿದರೆ ಮಾತ್ರ ಧಾತುವು ಬಗ್ಗುತ್ತದೆ.

ಈ ಧಾತುವಿನ ಬಡತನದ ಅರ್ಥವನ್ನೇ ಹೆಸರಾಗಿ ಹೊತ್ತ ದಂಪತಿಗಳು ಕನ್ನಡ ಸಾಹಿತ್ಯದಲ್ಲಿರುವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕವು ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದ ಜಂಗಮ ದಾಸೋಹ ನಡೆಯಬೇಕು. ಹೊಲದ ಹಕ್ಕಲು ಅಂಗಳಕ್ಕೆ ಬಂದಿದೆ, ಆದರೆ ಹಿಡಿ ಹಾಕುವವರಿಲ್ಲ, ಬಗ್ಗಿ ಆಯಲೇಬೇಕು. ಒಮ್ಮೆ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ತಡೆದವಳೂ ಅವಳೇ. ಇದು ನಿಮ್ಮ ಮನಸ್ಸಿನ ಆಸೆಯೋ, ಬಸವಣ್ಣನ ಅನುಮಾನವೋ ಎಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸುವಳು. ಬಸವಣ್ಣನೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದನೆಂದು ಹೇಳುವುದೂ ಉಂಟು. ಹಾಗಾದರೆ ಅದು ಬೋವಜನ ತೆನೆಗಳ ಪ್ರಸಂಗವೇ. ಔದಾರ್ಯವು ಎರಡು ಕಡೆಯೂ ಒಂದೇ ವೇಷ ಹಾಕಿದೆ. ರೂತಳು ತೆನೆಗಳನ್ನು ಬಡಿದು ಕಾಳು ಮಾಡಿ ಅತ್ತೆಗೆ ಒಯ್ದಳು. ಲಕ್ಕಮ್ಮನು ವೇಷವನ್ನು ಗುರುತಿಸಿ ಅಕ್ಕಿಯನ್ನು ಮರಳಿಸಿದಳು. ಅವಳ ಕಣ್ಣಿನಲ್ಲಿ, ಬೇಕೆಂದು ಚೆಲ್ಲಿದುದು ಉಳಿಕೆಯಲ್ಲ. ಉಳಿಕೆಯಲ್ಲದ್ದನ್ನು ಆಯ್ದರೆ ಅದು ಆಯುವಿಕೆಯೂ ಅಲ್ಲ. ಒಂದು ಕ್ರಿಯಾಪದದ ಅರ್ಥವನ್ನು ಇಷ್ಟು ನಿಷ್ಠುರವಾಗಿ ಕಾಪಾಡಿದವರು ನಿಘಂಟುಕಾರರಲ್ಲಿಯೂ ವಿರಳ.

ಇಷ್ಟಾದರೂ ‘ಹಕ್ಕಲಾಯ್’ ಎಂಬ ಮಾತನ್ನು ಪದ್ಯದಲ್ಲಿ ಕಾಣುವುದು ಅಪರೂಪ. ಅದು ಗ್ರಾಮ್ಯವೆಂಬ ಸಂಕೋಚವೇ ಕಾರಣವಾಗಿರಬೇಕು. ಮಂಡ್ಯ ಜಿಲ್ಲೆಯವರಿಗೆ ಈ ಸಂಕೋಚ ಸಲ್ಲದು. ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ದಾರಿಮಾಡಿದ ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಊರು ನಾಗಮಂಗಲ ತಾಲ್ಲೂಕ ಬೆಳ್ಳೂರು. ಮನೆಯ ಮಾತನ್ನೇ ಹಾಡಾಗಿಸಿದ ಕೆ. ಎಸ್. ನರಸಿಂಹಸ್ವಾಮಿಯವರು ಕಿಕ್ಕೇರಿಯವರು. ಇವರ ಹಾದಿಯಲ್ಲಿ ನಡೆಯುವವರು ಹೊಲದ ಮಾತಿಗೆ ಹೆದರಬೇಕಾದುದಿಲ್ಲ. ಸಂಕೋಚಕ್ಕಿಂತ ದೊಡ್ಡ ತೊಂದರೆ ಈಗ ಬೇರೊಂದು ಕಡೆಯಿಂದ ಬಂದಿದೆ. ಮದ್ದೂರು ಸೀಮೆಯ ಗದ್ದೆಗಳಿಗೆ ಕಟಾವು ಯಂತ್ರ ಇಳಿಯುತ್ತಿದೆ. ಕೊಯ್ಯುವುದೂ ಬಡಿಯುವುದೂ ತೂರುವುದೂ ಅದರ ಹೊಟ್ಟೆಯೊಳಗೇ ನಡೆದು, ತೆನೆಯು ತೆನೆಯಾಗಿ ನೆಲಕ್ಕೆ ಬೀಳುವುದು ಕಡಮೆಯಾಗಿದೆ. ಬಿದ್ದರೆ ಬಿಡಿಕಾಳು, ಅದೂ ಚಕ್ರದ ಕೆಸರಿನಲ್ಲಿ. ಶಿಲವು ಹೋಗಿ ಉಂಛವೊಂದು ಉಳಿಯಿತೆನ್ನಬೇಕು. ಆ ಕಾಳನ್ನು ಆಯುವ ತಾಳ್ಮೆಯಿರುವುದು ಗದ್ದೆಯಿಂದ ಗದ್ದೆಗೆ ಹೊಡೆದುಕೊಂಡು ಬರುವ ಬಾತುಕೋಳಿಗಳ ಹಿಂಡಿಗೆ ಮಾತ್ರ. ಗೆಜ್ಜಲಗೆರೆಯ ಮುಂದಿನ ತಲೆಮಾರಿನ ಹುಡುಗಿಗೂ ‘ಹಕ್ಕಲು’ ಎಂದರೆ, ಲಂಡನ್ನಿನ ಹುಡುಗಿಗೆ ‘ಗ್ಲೀನ್’ ಎಂದಂತೆ, ಟಿಪ್ಪಣಿ ಬೇಕಾಗುವ ಕಾಲ ದೂರವಿಲ್ಲ. ಮಾತು ಹೊಲದಲ್ಲಿ ಬದುಕಿರುವಾಗ ಪದ್ಯಕ್ಕೆ ಬಂದರೆ ಅದಕ್ಕೆ ಮೈಯಿರುತ್ತದೆ. ಹೊಲದಲ್ಲಿ ಸತ್ತಮೇಲೆ ಬಂದರೆ ಅದು ಅಲಂಕಾರ.

ಈಗ ಕೀಟ್ಸನ ಪಂಕ್ತಿಗೆ ಹಿಂದಿರುಗಿ, ಕನ್ನಡದಲ್ಲಿ ಲೇಖನಿಯು ಹಕ್ಕಲಾಯುವಂತೆ ಮಾಡಿದರೆ, ಕೂಡಲೆ ಅದರ ಮುಂದಿನ ಕಣಜದ ಮಾತು ಕಷ್ಟಕ್ಕೆ ಸಿಕ್ಕುತ್ತದೆ. ಇಂಗ್ಲಿಷಿನ ಓದುಗನು ಹಕ್ಕಲನ್ನು ಮರೆತಿರುವುದರಿಂದ ಕಣಜವನ್ನು ತಡೆಯಿಲ್ಲದೆ ದಾಟಿಬಿಡುವನು. ಕನ್ನಡದಲ್ಲಿ ಹಾಗಾಗದು; ಹಕ್ಕಲಿಗೆ ಹೋದ ಯಾವ ಹೆಂಗಸೂ, ಮಡಿಲಿಗೆ ಹಾಕಿದ್ದು ಕಣಜಕ್ಕೆ ಹೇಗೆ ಹೋಯಿತೆಂದು ಕೇಳುವಳು. ಭಾಷಾಂತರಕಾರನು ಕಣಜವನ್ನು ಬಿಟ್ಟು ಮಡಿಲನ್ನೇ ಇಟ್ಟುಕೊಂಡರೆ ಪುಸ್ತಕಗಳ ಎತ್ತರವಾದ ರಾಶಿಯು ಹೋಗುತ್ತದೆ, ಅದರೊಡನೆ ತರುಣನ ಆಸೆಯೂ ಹೋಗುತ್ತದೆ. ಹಕ್ಕಲನ್ನು ಬಿಟ್ಟು ಕೊಯ್ಲನ್ನು ಇಟ್ಟುಕೊಂಡರೆ ಭಯವು ಹೋಗುತ್ತದೆ. ಎರಡನ್ನೂ ಇಟ್ಟುಕೊಂಡು, ಕೀಟ್ಸನಲ್ಲಿ ಇರುವ ಬಿರುಕನ್ನು ಕನ್ನಡದಲ್ಲಿಯೂ ಬಿರುಕಾಗಿಯೇ ಕಾಣಿಸುವುದು ಮೂರನೆಯ ದಾರಿ. ಮೂಲಕ್ಕೆ ಹತ್ತಿರವಾದುದು ಅದೇ ಎಂದು ತೋರುತ್ತದೆ. ಆಗ ಮಡಿಲು ಬಿಚ್ಚಿ ಆ ಹೆಂಗಸು ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಭಾಷಾಂತರಕಾರನಲ್ಲ, ಕವಿ.